ಎಡತೋಳು

ಬೂದು ಬಣ್ಣದ ಪ್ಯಾಂಟೊಂದರ ಮಂಡಿಯ ಹತ್ತಿರ ಸಿಗರೇಟಿನ ಕಿಡಿ ಬಿದ್ದು ಆಗಿದ್ದ ತೂತು ಅವನ ಕಣ್ಣಿಗೆ ಬೀಳಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಇದೇ ಮೊದಲು. ಲಾಂಡ್ರಿಗೆ ಬರುವ ಒಂದೊಂದು ಬಟ್ಟೆಯನ್ನೂ ಬಿಳಿ ಮೇಜಿನ ಮೇಲೆ ಹರಡಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಳಗೂ ಹೊರಗೂ ತಡವಿ, ಕಲೆ ಎಲ್ಲಿ, ಹರಕು ಎಲ್ಲಿ, ಉದುರಿದ ಗುಂಡಿ ಯಾವುದು ಎಂದು ಚೀಟಿಯಲ್ಲಿ ಬರೆದು, ಕೊನೆಗೆ ‘ಬರುವಾಗಲೇ ಇತ್ತು’ ಎಂದು ಸೇರಿಸುವುದು ಅವನ ಕೆಲಸ. ನಾಳೆ ಗಿರಾಕಿ ಬಂದು ನೀವೇ ಹರಿದಿರಿ ಎಂದು ಜಗಳ ತೆಗೆಯಬಾರದಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ, ನನ್ನ ಕೆನ್ನೆ ಮೇಲಿನ ಮಚ್ಚೆಗೂ ಚೀಟಿ ಬರ್ದಿದ್ದೀರಾ ಹೇಗೆ ಎಂದು ಕೇಳಿದ್ದಳು. ಅಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಭೂತಗನ್ನಡಿ ಎಂದೇ. ಆ ಹೆಸರಿನೊಳಗಿನ ಗೇಲಿಗಿಂತ ಮೆಚ್ಚುಗೆಯೇ ಅವನಿಗೆ ಹೆಚ್ಚು ಕೇಳಿಸುತ್ತಿತ್ತು. ಅಂಥವನು ಇವತ್ತು ಬೆರಳು ತೂರುವಷ್ಟು ದೊಡ್ಡ ತೂತನ್ನು ಬಿಟ್ಟು, ಚೀಟಿಯಲ್ಲಿ ‘ಸರಿ ಇದೆ’ ಎಂದು ಬರೆದು ಒಳಗೆ ಕಳಿಸಿದ್ದ. ಇಸ್ತ್ರಿ ಮಾಡುವ ಮುದುಕ, ಎಲ್ಲರಿಗೂ ಅವನು ಮಾಮ, ಆ ಪ್ಯಾಂಟನ್ನು ಒಗೆಯಲು ಹಾಕುವ ಮುಂಚೆ ವಾಪಸು ತಂದು, ತೂತಿನೊಳಗೆ ಬೆರಳು ತೂರಿಸಿ ಆಡಿಸಿ ತೋರಿಸಿದ. ಯಜಮಾನಿ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕತ್ತು ಚಾಚಿ, “ಏನ್ರೀ ಭೂತಗನ್ನಡಿ, ಗಾಜಿಗೆ ಬಿರುಕು ಬಿತ್ತಾ?” ಎಂದರು. ಅವರಿಬ್ಬರೂ ನಕ್ಕರು. ಅವನೂ ನಕ್ಕ, ಆದರೆ ಮುಖದ ರಕ್ತವೆಲ್ಲ ಕಿವಿಗೆ ಬಂದಂತಾಯಿತು.

ತಪ್ಪು ಕಣ್ಣಿನದಲ್ಲ. ಕಣ್ಣು ಕೌಂಟರಿನ ಕೆಳಗಿನ ಸ್ಟೂಲಿನ ಮೇಲಿತ್ತು. ಅಲ್ಲಿ ಹೆಂಡತಿಯ ಲ್ಯಾಪ್‌ಟಾಪು ಅರ್ಧ ಬಾಯಿ ತೆರೆದುಕೊಂಡು ಕೂತಿತ್ತು, ಅದರ ಪರದೆಯ ಮೇಲೆ ಒಂದು ನೀಲಿ ಗೆರೆ ಬಸವನಹುಳುವಿನಂತೆ ತೆವಳುತ್ತಿತ್ತು. ನೂರ ಅರವತ್ತಮೂರು ವಿಡಿಯೋಗಳಲ್ಲಿ ತೊಂಬತ್ತಾರನೆಯದು ಇಳಿಯುತ್ತಿತ್ತು. ಹರಿದ ಬಟ್ಟೆ ಸರಿಮಾಡುವುದನ್ನು ಇಂಟರ್ನೆಟ್ಟಿನಲ್ಲಿ ತೋರಿಸುವ ರಫೂ ಅಕ್ಕನ ಪುಟ ಸಂಜೆ ಆರು ಗಂಟೆಗೆ ಮುಚ್ಚುತ್ತದೆ. ಬುಧವಾರ ಅವರೇ ಬರೆದಿದ್ದರು: ‘ಶುಕ್ರವಾರ ಸಂಜೆ ಆರಕ್ಕೆ ಇಲ್ಲಿರುವುದನ್ನೆಲ್ಲ ತೆಗೆಯುತ್ತೇನೆ. ಇಷ್ಟು ದಿನ ನೋಡಿದವರಿಗೆ ನಮಸ್ಕಾರ.’ ಕಾರಣ ಬರೆದಿರಲಿಲ್ಲ. ಕೆಳಗೆ ನೂರಾರು ಜನ ಯಾಕೆ ಯಾಕೆ ಎಂದು ಕೇಳಿದ್ದರು. ಅವನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅದನ್ನು ಓದಿದ ಗಳಿಗೆಯಿಂದ ಅವನ ಕೈ ಹೆಗಲ ಮೇಲೇ ಇತ್ತು.

ರಫೂ ಅಕ್ಕನ ಮುಖವನ್ನು ಆ ಪುಟದಲ್ಲಿ ಯಾರೂ ಕಂಡವರಿಲ್ಲ. ಕಾಣುತ್ತಿದ್ದುದು ಎರಡು ಕೈ, ಒಂದು ದೀಪ, ಒಂದು ಬಟ್ಟೆ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ನಾಲ್ಕಾರು ಎಳೆ ಬಿಡಿಸಿಕೊಂಡು, ಅದೇ ಎಳೆಗಳಿಂದ ತೂತಿನ ಜಾಗವನ್ನು ಮತ್ತೆ ನೇಯುವುದು ರಫೂ. ಅದು ಹೊಲಿಗೆಯಲ್ಲ, ತೇಪೆಯಂತೂ ಅಲ್ಲವೇ ಅಲ್ಲ. ಹುಳ ತಿಂದ ಉಣ್ಣೆಯ ಶಾಲು, ಮುಳ್ಳುತಂತಿಗೆ ಸಿಕ್ಕಿದ ಕಾವಲುಗಾರನ ಸಮವಸ್ತ್ರ, ಪಿಟೀಲು ನುಡಿಸುವವನ ಕರಿಕೋಟಿನ ಮೊಣಕೈ, ಯಾವುದೋ ಮಗುವಿನ ಹೊದಿಕೆ. ಆ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಉದ್ದಕ್ಕೆ ಒಂದು ಸೀಳು ಇರುವುದು ಅವನಿಗೆ ತನ್ನ ಉಗುರಿಗಿಂತ ಚೆನ್ನಾಗಿ ಗೊತ್ತಿತ್ತು. ಸೂಜಿ ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ. ಕೈಗಳಿಗೆ ಅವಸರವೂ ಇಲ್ಲ, ಆಲಸ್ಯವೂ ಇಲ್ಲ. ಎಳೆ ಬಿಗಿಯುವಾಗ ಉಸಿರು ನಿಲ್ಲುವುದು ಕೇಳಿಸುತ್ತಿತ್ತು. ಮುಗಿದ ಮೇಲೆ ಉಗುರಿನಿಂದ ಒಮ್ಮೆ ಸವರಿ, ಬೆಳಕಿಗೆ ಮೂರು ಕಡೆ ತಿರುಗಿಸಿ ನೋಡಿ, ಬಟ್ಟೆಗೇ “ಆಯ್ತು ಕಣಮ್ಮ, ಹೋಗ್ಬಾ” ಎನ್ನುತ್ತಿದ್ದರು. ಆ ಮಾತಿಗಾಗಿಯೇ ಅವನು ಒಂದೊಂದನ್ನೂ ಕೊನೆಯವರೆಗೆ ನೋಡುತ್ತಿದ್ದ. ತೂತು ಹುಡುಕುವುದರಲ್ಲೇ ಅರ್ಧ ಆಯುಸ್ಸು ಸವೆಸಿದವನಿಗೆ, ಕಣ್ಣೆದುರೇ ತೂತೊಂದು ಇಲ್ಲವಾಗುವುದನ್ನು ನೋಡುವುದು ಎಷ್ಟು ದೊಡ್ಡದು ಎಂದು ಯಾರಿಗೆ ಹೇಳಬೇಕು? ಮಾಮನಿಗೆ ಹೇಳಿದರೆ, ನಿಂಗೂ ವಯಸ್ಸಾಯ್ತು ಬಿಡು ಎನ್ನುತ್ತಾನೆ.

ಇಂಥದ್ದನ್ನು ಹೇಗೋ ಒಂದು ರೀತಿ ಉಳಿಸಿಕೊಂಡರಾಯಿತು ಎನ್ನುವಂತಿರಲಿಲ್ಲ. ಬುಧವಾರ ರಾತ್ರಿ ಊಟವಾದ ಮೇಲೆ ಅವನು ಮೊಬೈಲಿನ ಪರದೆಯನ್ನೇ ರೆಕಾರ್ಡ್ ಮಾಡಿಕೊಂಡು ನೋಡಿದ. ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಕೆಸರಾಗಿದ್ದವು. ಸೂಜಿ ಆ ಕೆಸರಿನಲ್ಲಿ ಮುಳುಗಿ ಏಳುತ್ತಿತ್ತು. ತನಗೇ ಕಳಿಸಿಕೊಂಡು ನೋಡಿದ, ಇನ್ನೂ ಕೆಟ್ಟಿತು. ಹೆಂಡತಿ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುವ ವಿಭಾಗದವಳು, ಅವಳಿಗೆ ಈ ರೋಗಗಳೆಲ್ಲ ಗೊತ್ತು. “ನಕಲಿನ ನಕಲು ಇಟ್ಕೊಂಡು ಏನ್ ಮಾಡ್ತೀರಿ? ಹಾಲಿಗೆ ನೀರು, ಆ ನೀರಿಗೆ ಇನ್ನಷ್ಟು ನೀರು. ಒಬ್ಬರಿಂದ ಒಬ್ಬರಿಗೆ ಕಳಿಸ್ದಾಗೆಲ್ಲ ಅದು ಕುಗ್ಗುತ್ತೆ. ಅವರ ಪುಟದಿಂದ ಲಿಂಕ್ ತಗೊಂಡು ಈ ಡೌನ್‌ಲೋಡ್ ಸೈಟಲ್ಲಿ ಹಾಕಿ. ಮೂರು ಗಾತ್ರ ತೋರಿಸುತ್ತೆ, ಮೂಲ ಅಂತಿರೋದನ್ನ ಒತ್ತಿ. ತಡ ಆಗುತ್ತೆ, ಆಗ್ಲಿ. ಮಧ್ಯೆ ಬರೋ ಜಾಹೀರಾತು ಮುಟ್ಟಿದ್ರೆ ಮಾತ್ರ ನನ್ನ ಲ್ಯಾಪ್‌ಟಾಪ್ ಕಥೆ ಮುಗೀತು, ಹುಷಾರು.” ಅವನು ಮೊದಲನೆಯದನ್ನು ಮೂಲ ಗಾತ್ರದಲ್ಲಿ ಇಳಿಸಿ ತೆರೆದಾಗ ಶಾಲಿನ ಉಣ್ಣೆಯ ಮೇಲಿನ ನವಿರು ಕೂದಲು ಕಂಡಿತು, ಎಳೆ ಜಾರುವಾಗಿನ ಸರಕ್ ಸದ್ದು ಕೇಳಿಸಿತು. ಅವಳೂ ಬಗ್ಗಿ ನೋಡಿದಳು. ವಿಡಿಯೋ ಮುಗಿಯುವವರೆಗೂ ಬಗ್ಗಿಯೇ ಇದ್ದು, “ಆ ಕೈಯನ್ನೇ ಮದ್ವೆ ಆಗ್ಬಿಡಿ. ನನ್ನ ಫೋಟೋ ಒಂದಾದ್ರೂ ಹೀಗೆ ಇಟ್ಕೊಂಡಿದ್ದೀರಾ?” ಎಂದಳು. ತಮಾಷೆಯ ಹಿಂದೆ ಅವಳಿಗೂ ಅದು ನಾಟಿದ್ದು ಅವನಿಗೆ ತಿಳಿಯಿತು. ಸಂತೋಷವಾಯಿತು. ಆ ಸಂತೋಷದ ಬೆನ್ನಿಗೇ, ಇವಳಿಗೆ ಅರ್ಧ ಕಥೆಯಷ್ಟೇ ಗೊತ್ತು ಎಂಬ ಸಂಕಟವೂ ಬಂತು.

ಉಳಿದರ್ಧ ಕಥೆ ಒಂದು ಕೋಟಿನ ತೋಳಿನದು. ಹೋದ ಚಳಿಗಾಲದಲ್ಲಿ ಮಾಮ ಊಟದ ಹೊತ್ತಿನಲ್ಲಿ ಮೊಬೈಲು ಮುಂದೆ ಹಿಡಿದು, ನೋಡಯ್ಯ ನಿನ್ನ ಅಪ್ಪನಂಥವರು ಇದ್ದಾರೆ ಎಂದಿದ್ದ. ಯಾರೋ ಯಾರಿಗೋ ಕಳಿಸಿ, ಅವರು ಇನ್ನಾರಿಗೋ ಕಳಿಸಿ, ಹತ್ತು ಕೈ ದಾಟಿ ಮಂಕಾಗಿದ್ದ ತುಣುಕು. ಮೊದಲು ಚೌಕುಳಿ ಕೋಟಿನ ತೋಳಿನಲ್ಲಿ ಕಾಸಿನಗಲ ತೂತು, ಕೊನೆಗೆ ಅದೇ ತೋಳು ಹೊಚ್ಚ ಹೊಸದರಂತೆ. ಅವನು ಮೊಬೈಲನ್ನು ಮೂಗಿನ ಹತ್ತಿರ ತಂದು ನೋಡಿದ. ರಫೂ ಮಾಡಿದ ಗುರುತೇ ಇಲ್ಲ. ಅವನಿಗೆ ಕಾಣದ ಗುರುತು ಎಂದರೇನು? ಆಗ ಕಂಡಿತು: ಮೊದಲ ಚಿತ್ರದಲ್ಲಿ ಮಣಿಕಟ್ಟಿನ ಗುಂಡಿಗಳು ಒಂದು ಪಕ್ಕ, ಕೊನೆಯದರಲ್ಲಿ ಇನ್ನೊಂದು ಪಕ್ಕ. ಸಿಕ್ಕಿಬಿದ್ದರು! ಅವನಿಗೆ ಒಳ್ಳೆಯ ಊಟ ಮಾಡಿದಷ್ಟು ತೃಪ್ತಿಯಾಗಿತ್ತು. ಅವತ್ತೇ ಆ ಪುಟ ಹುಡುಕಿ, ಬೇರೆ ಹೆಸರಿಟ್ಟುಕೊಂಡು, ವಿಡಿಯೋವನ್ನು ಅಲ್ಲಿ ಇನ್ನೊಮ್ಮೆ ನೋಡುವ ತಾಳ್ಮೆಯೂ ಇಲ್ಲದೆ ಬರೆದ: ‘ಇಪ್ಪತ್ತು ವರ್ಷದಿಂದ ಬಟ್ಟೆ ಪರೀಕ್ಷೆ ಮಾಡುತ್ತಿರುವವನು ಹೇಳುತ್ತಿದ್ದೇನೆ. ಹರಿದದ್ದು ಒಂದು ತೋಳು, ತೋರಿಸಿದ್ದು ಇನ್ನೊಂದು ತೋಳು. ಗುಂಡಿ ನೋಡಿ.’ ಸಂಜೆಯೊಳಗೆ ಎರಡು ಸಾವಿರ ಜನ ಮೆಚ್ಚಿದ್ದರು. ಮೋಸಗಾತಿ, ನಾಚಿಕೆಯಾಗಬೇಕು, ಎಡತೋಳಾ ಬಲತೋಳಾ ಅಕ್ಕಾ ಎಂದು ಕೆಳಗೆ ಸಾಲುಸಾಲಾಗಿ ಬರೆದಿದ್ದರು. ರಫೂ ಅಕ್ಕ ಇಡೀ ಗದ್ದಲಕ್ಕೆ ಒಂದೇ ಉತ್ತರ ಕೊಟ್ಟಿದ್ದರು, ಅದೂ ಅವನಿಗೆ: ‘ಎಡತೋಳೇ ಸರ್.’ ಆ ‘ಸರ್’ ಇಲ್ಲದಿದ್ದರೆ ಅವನು ಇಷ್ಟು ದಿನ ಚೆನ್ನಾಗಿ ನಿದ್ದೆ ಮಾಡಿರುತ್ತಿದ್ದನೋ ಏನೋ.

ಎರಡು ತಿಂಗಳಾದ ಮೇಲೆ, ಮಳೆಯಿಂದಾಗಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಯಜಮಾನಿಯ ದೊಡ್ಡ ಕಂಪ್ಯೂಟರಿನಲ್ಲಿ ಅವನು ಅದೇ ವಿಡಿಯೋವನ್ನು ಅವರ ಪುಟದಲ್ಲೇ, ಅವರು ಹಾಕಿದ ಗಾತ್ರದಲ್ಲೇ ನೋಡಿದ. ಮೊದಲ ಚಿತ್ರದಲ್ಲಿ ತೋಳಿನ ಪಕ್ಕ ನೂಲಿನ ಒಂದು ಡಬ್ಬಿಯಿತ್ತು. ಮಾಮನ ಮೊಬೈಲಿನಲ್ಲಿ ಅದು ಬರಿಯ ಕೆಂಪು ಮಚ್ಚೆ. ಇಲ್ಲಿ ಡಬ್ಬಿಯ ಮೇಲಿನ ಅಕ್ಷರಗಳು ಒಂದೊಂದೂ ಸ್ಪಷ್ಟವಾಗಿದ್ದವು, ಒಂದೊಂದೂ ಹಿಂದುಮುಂದಾಗಿದ್ದವು, ಕನ್ನಡಿಯೊಳಗೆ ಓದಿದ ಹಾಗೆ. ಆಕೆ ಮೊದಲ ಚಿತ್ರವನ್ನು ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ, ನಾವು ನಮ್ಮ ಮುಖ ತೆಗೆದುಕೊಳ್ಳುವ ಕ್ಯಾಮೆರಾದಲ್ಲಿ ತೆಗೆದಿದ್ದರು. ಕನ್ನಡಿ ಮಾಡುವುದನ್ನೇ ಅದೂ ಮಾಡಿತ್ತು. ಎಡ ಬಲವಾಗಿತ್ತು, ಗುಂಡಿ ಪಕ್ಕ ಬದಲಿಸಿತ್ತು. ತೋಳು ಎಡತೋಳೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಎಲ್ಲರಿಗೂ ಹೇಳುತ್ತಿದ್ದವನು ಅವನೇ. ಗುರುತು ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ, ಅಂದರೆ ಕೆಲಸ ಅಷ್ಟು ಚೆನ್ನಾಗಿತ್ತು ಎಂಬ ಕಾರಣಕ್ಕೆ, ಕೆಲಸ ಮಾಡಿದವರನ್ನು ಕಳ್ಳಿ ಎಂದಿದ್ದ. ಆಗ ಮಾಡಬೇಕಾದದ್ದು ಅವನಿಗೆ ಗೊತ್ತಿತ್ತು: ತಪ್ಪಾಯಿತು ಎಂದು ಅಲ್ಲೇ, ಅಷ್ಟು ಜನರ ಎದುರಿಗೆ ಬರೆಯುವುದು. ಅವನು ಮಾಡಿದ್ದು ಬೇರೆ. ಆತುರಾತುರವಾಗಿ ತನ್ನ ಮಾತನ್ನು ಅಳಿಸಿದ. ಅಳಿಸಿದ ಮೇಲೆ ತಿಳಿಯಿತು, ಅದಕ್ಕೆ ಅಂಟಿಕೊಂಡಿದ್ದ ‘ಎಡತೋಳೇ ಸರ್’ ಕೂಡ ಅದರ ಜೊತೆಗೇ ಹೋಗಿತ್ತು. ಹೆಂಗಸೊಬ್ಬಳ ಕೆನ್ನೆಗೆ ಹೊಡೆದು, ಅವಳು ಯಾಕೆ ಎಂದು ಕೇಳುವಾಗ ಬಾಯಿಯನ್ನೂ ಮುಚ್ಚಿಸಿದ ಹಾಗೆ.

ಆಮೇಲಿಂದ ಅವನು ಹೊಸ ಚಾಳಿಯೊಂದನ್ನು ಹಿಡಿದಿದ್ದ. ಹರಿದ ಬಟ್ಟೆ ತಂದವರಿಗೆ ‘ಬರುವಾಗಲೇ ಇತ್ತು’ ಎಂದು ಬರೆದುಕೊಟ್ಟು ಸುಮ್ಮನಿರದೆ, ರಫೂ ಅಕ್ಕನ ಪುಟದಲ್ಲಿದ್ದ ವಿಳಾಸ ಹೇಳಿ, ಬಸ್ ನಿಲ್ದಾಣದ ಹಿಂದಿನ ಬೀದಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ, ಅಲ್ಲಿಗೆ ಹೋಗಿ ಎನ್ನುತ್ತಿದ್ದ. ವಾರಕ್ಕೆ ಇಬ್ಬರನ್ನಾದರೂ ಕಳಿಸುತ್ತಿದ್ದ. ತಾನು ಮಾತ್ರ ಹೋಗಲಿಲ್ಲ. ಆ ಬೀದಿಯ ತುದಿಯವರೆಗೆ ಮೂರು ಸಲ ಹೋಗಿ, ಏನೋ ಮರೆತವನಂತೆ ಜೇಬು ತಡವಿಕೊಂಡು ವಾಪಸು ಬಂದಿದ್ದ. ಯಾರೂ ನೋಡುತ್ತಿರಲಿಲ್ಲ, ಆದರೂ ಜೇಬು ತಡವಿಕೊಂಡಿದ್ದ.

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಯಾಕೆ ಹೇಳಿದನೋ, ಹಾಳು ಬಾಯಿ. ಅವಳು ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ತಿರುಗಿದಳು. ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ. “ಎಲ್ಲರೂ ನೋಡ್ಲಿ ಅಂತ ಬೀದೀಲಿಟ್ಟಿದ್ದನ್ನ ತಗೊಳ್ಳೋದು ಬೇರೆ. ಅಂಗಡಿ ಬಾಗಿಲು ಹಾಕ್ತಿರೋರ ಹತ್ರ ಬಾಚ್ಕೊಂಡು ಬರೋದು ಬೇರೆ. ಅವರಿಗೆ ಹೇಳ್ದೆ ಇಟ್ಕೊಂಡ್ರೆ ಕದ್ದ ಹಾಗೇ ಲೆಕ್ಕ,” ಎಂದಳು. ಬಾಚಣಿಗೆಯನ್ನು ಕೂದಲಿನಿಂದ ಬಿಡಿಸಿಕೊಳ್ಳುತ್ತ, “ಇನ್ನೊಂದನ್ನೂ ಹೇಳಿ ಬನ್ನಿ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಹೋಗಿರೋದಂತೂ ಹೋಗಿದೆ, ಮುಖ ಆದ್ರೂ ತೋರ್ಸಿ,” ಎಂದಳು. ಅವನು ಹ್ಞೂಂ ಎಂದಿದ್ದ. ಬೆಳಗಿನ ಹೊತ್ತು ಹ್ಞೂಂ ಎನ್ನುವುದು ಸುಲಭ.

ನಾಲ್ಕೂ ಮುಕ್ಕಾಲಿಗೆ ನೂರ ಅರವತ್ತಮೂರನೆಯದು ಇಳಿಯಿತು. ಪಟ್ಟಿಯಲ್ಲಿ ಒಂದೊಂದಕ್ಕೂ ಗುರುತು ಹಾಕಿ, ಎಲ್ಲವನ್ನೂ ಒಂದು ಪುಟ್ಟ ಪೆನ್‌ಡ್ರೈವಿಗೂ ಹಾಕಿಕೊಂಡ. ಬೆರಳಿನ ತುದಿಯಷ್ಟು ವಸ್ತುವಿನೊಳಗೆ ಒಬ್ಬರ ಮೂರು ವರ್ಷದ ಕೆಲಸವಿತ್ತು, ಒಂದು ಎಳೆಯೂ ಕುಗ್ಗದೆ. ಹೆಮ್ಮೆಯಾಯಿತು. ಇದನ್ನು ಅವರ ಮುಂದಿಟ್ಟರೆ ತಪ್ಪು ಹೇಳುವುದು ಅಷ್ಟು ಕಷ್ಟವಾಗಲಿಕ್ಕಿಲ್ಲ ಎಂದೂ ಅನ್ನಿಸಿತು, ಬರಿಗೈಯಲ್ಲಿ ಹೋಗುತ್ತಿಲ್ಲವಲ್ಲ. ಒಂದು ಗಂಟೆ ಮುಂಚೆ ಹೋಗುತ್ತೇನೆ ಎಂದಾಗ ಯಜಮಾನಿ, “ಹೋಗಿ ಹೋಗಿ, ಕಣ್ಣಿನ ಡಾಕ್ಟರನ್ನ ನೋಡ್ಕೊಂಡೇ ಮನೆಗೆ ಹೋಗಿ,” ಎಂದರು. ಮಾಮ ಒಳಗಿನಿಂದ ಬೆರಳು ಆಡಿಸಿ ತೋರಿಸಿದ.

ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು ಕಡಿದಾಗಿತ್ತು. ಮೇಲಿನ ಬಾಗಿಲು ತೆರೆದೇ ಇತ್ತು. ಕೋಣೆ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದು: ಕಿಟಕಿಯ ಕೆಳಗೆ ಮೇಜು, ಮೇಜಿಗೆ ಕಚ್ಚಿಕೊಂಡ ದೀಪ, ಗೋಡೆಯಲ್ಲಿ ಮೊಳೆಗಳಿಗೆ ತೂಗುಹಾಕಿದ ಬಟ್ಟೆಗಳು. ಅರವತ್ತರ ಆಸುಪಾಸಿನ, ಗಿಡ್ಡನೆಯ ಹೆಂಗಸು ಕನ್ನಡಕವನ್ನು ಹಣೆಗೇರಿಸಿಕೊಂಡು, ತುಟಿಗಳ ನಡುವೆ ಎಳೆಯೊಂದನ್ನು ಕಚ್ಚಿ ಕೂತಿದ್ದರು. ಮುಖ ಅಪರಿಚಿತ. ಕೈ ನೋಡಿದ ಕೂಡಲೇ ಎಲ್ಲೋ ಬಂಧುಗಳ ಮನೆಗೆ ಬಂದಂತಾಯಿತು. ಹೆಬ್ಬೆರಳಿನ ಉಗುರು, ಅದರ ಸೀಳು, ಎಲ್ಲ ಇದ್ದಲ್ಲೇ ಇತ್ತು.

“ಬಟ್ಟೆ ಎಲ್ಲಿ?” ಎಂದರು ಅವರು.

“ಬಟ್ಟೆ ತಂದಿಲ್ಲ ಅಕ್ಕಾ. ನಾನು ಲಾಂಡ್ರಿಯಿಂದ ಬಂದೆ, ಮಾರ್ಕೆಟ್ ಹತ್ರದ್ದು.”

“ಓ, ನೀವಾ! ವಾರವಾರ ಜನ ಕಳಿಸ್ತೀರಲ್ಲ, ಪುಣ್ಯಾತ್ಮರು. ಕೂತ್ಕೊಳ್ಳಿ. ಆ ಸ್ಟೂಲಿಗೆ ಒಂದು ಕಾಲು ಕುಂಟು, ಈ ಕಡೆ ಭಾರ ಹಾಕಿ.”

ಪುಣ್ಯಾತ್ಮ ಎಂಬ ಮಾತಿಗೆ ಅವನು ಸ್ಟೂಲಿನ ಕುಂಟುಕಾಲಿನ ಕಡೆಗೇ ಭಾರ ಹಾಕಿ ವಾಲಿದ. ಸಾವರಿಸಿಕೊಂಡು, ಪೆನ್‌ಡ್ರೈವನ್ನು ಮೇಜಿನ ಅಂಚಿನಲ್ಲಿಟ್ಟ. “ನಿಮ್ಮ ಎಲ್ಲಾ ವಿಡಿಯೋ ಇದರಲ್ಲಿದೆ. ನೂರ ಅರವತ್ತಮೂರೂ, ಮೂಲ ಗಾತ್ರದಲ್ಲಿ. ನೀವು ಹಾಕಿದ್ದು ಹೇಗಿತ್ತೋ ಹಾಗೇ.”

ಅವರು ಅದನ್ನು ಮುಟ್ಟಲಿಲ್ಲ. “ಯಾಕೆ?”

“ಅಳಿಸಿ ಹೋಗ್ಬಾರ್ದು ಅಂತ.”

“ನಾನು ಅಳಿಸ್ತಿರೋದೇ ಅವು ಹೋಗ್ಲಿ ಅಂತಲ್ವಾ?” ಎಂದರು ರಫೂ ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಎಳೆಯನ್ನು ತುಟಿಯಿಂದ ತೆಗೆದು ಸೂಜಿಗೆ ಪೋಣಿಸುತ್ತ ಹೇಳತೊಡಗಿದರು. “ಒಬ್ಬರು ಟೀಚರು. ಒಳ್ಳೇ ಉಣ್ಣೆ ಕೋಟು, ಅವರಮ್ಮಂದು. ಎಡತೋಳಲ್ಲಿ ತೂತು. ಮಾಡ್ಕೊಟ್ಟೆ, ವಿಡಿಯೋನೂ ಹಾಕ್ದೆ. ಯಾರೋ ಒಬ್ಬರು, ಬಟ್ಟೆ ಪರೀಕ್ಷೆ ಮಾಡೋರಂತೆ, ಅದು ಮೋಸ, ಬೇರೆ ತೋಳು ಅಂತ ಬರೆದ್ರು. ದೊಡ್ಡ ರಂಪ ಆಯ್ತು. ಆ ರಂಪದಲ್ಲಿ ವಿಡಿಯೋ ಊರೂರು ಸುತ್ತಿತು. ಈ ಚಳಿಗಾಲದಲ್ಲಿ ಟೀಚರು ಕೋಟು ಹಾಕ್ಕೊಂಡು ಸ್ಕೂಲಿಗೆ ಹೋದ್ರೆ ಆರನೇ ಕ್ಲಾಸಿನ ಮಕ್ಕಳು ಗುರುತು ಹಿಡಿದಿವೆ. ಎಡತೋಳಾ ಬಲತೋಳಾ ಟೀಚರ್ ಅಂತ ಒಂದು, ತೋಳು ಹಿಡ್ಕೊಂಡು ತೂತು ಹುಡುಕೋದು ಇನ್ನೊಂದು. ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದ್ರೆ ಹಿಂದಿನಿಂದ ನಗು. ಈಗ ಕೋಟನ್ನ ಬೀರುಗೆ ಹಾಕಿ ಬೀಗ ಹಾಕಿದ್ದಾರಂತೆ. ಈ ಚಳೀಲಿ ಬರೀ ಸ್ವೆಟರಲ್ಲಿ ಓಡಾಡ್ತಾರೆ. ನನಗೆ ಒಂದು ಮಾತೂ ಅನ್ಲಿಲ್ಲ ಪಾಪ, ಅವರ ತಂಗಿ ಬಂದಾಗ ಹೇಳಿದ್ದು.” ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. “ಹರಿದಿದ್ದು ಯಾರಿಗೂ ಗೊತ್ತಾಗ್ಬಾರ್ದು ಅಂತಲೇ ಜನ ಈ ಮೆಟ್ಟಿಲು ಹತ್ತೋದು. ನಾನು ಊರಿಗೆಲ್ಲ ಡಂಗುರ ಸಾರಿದೆ. ನನ್ನ ಕೈ ನೋಡಿ, ನನ್ನ ಕೈ ನೋಡಿ ಅನ್ನೋ ಚಪಲ.”

ಅವನು ಇಷ್ಟು ತಿಂಗಳಿಂದ ಹೊತ್ತು ತಿರುಗುತ್ತಿದ್ದ ತಪ್ಪಿಗೆ ಇನ್ನೊಂದು ಕೋಣೆಯಿತ್ತು. ಆ ಕೋಣೆಯ ಬಾಗಿಲು ಈಗ ತೆರೆಯಿತು. ಒಬ್ಬರ ಹೆಸರು ಕೆಡಿಸಿದೆ ಎಂದುಕೊಂಡಿದ್ದ. ಇನ್ನೊಬ್ಬರು, ಮುಖವೂ ಗೊತ್ತಿಲ್ಲದವರು, ತಾಯಿಯ ಕೋಟನ್ನು ಒಳಗಿಟ್ಟು ಚಳಿಯಲ್ಲಿ ನಡೆದು ಹೋಗುತ್ತಿದ್ದರು. ಎಡತೋಳಾ ಬಲತೋಳಾ ಎಂಬ ಆ ಮಾತು ಅವನ ಊಟದ ಡಬ್ಬಿಯ ಪಕ್ಕದಿಂದ ಹೊರಟು, ಎಲ್ಲೆಲ್ಲೋ ತಿರುಗಿ, ಮಕ್ಕಳ ಬಾಯಿಗೆ ಬಂದಿತ್ತು. ಈಗಲೂ ಎದ್ದು ಹೋಗಬಹುದಿತ್ತು. ಬರೆದ ಮಾತು ಎಲ್ಲೂ ಉಳಿದಿಲ್ಲ, ಹೆಸರೂ ಅವನದಲ್ಲ. ಈ ಹೆಂಗಸು ಪುಣ್ಯಾತ್ಮ ಎಂದೇ ನೆನಪಿಟ್ಟುಕೊಳ್ಳುತ್ತಾರೆ. ಆ ಹೆಸರು ಉಳಿಸಿಕೊಳ್ಳುವ ಆಸೆ ಎಷ್ಟು ಗಟ್ಟಿಯಾಗಿತ್ತೆಂದರೆ, ಬಾಯಿ ತೆರೆದಾಗ ಮಾತಿಗೆ ಬದಲು ಕೆಮ್ಮು ಬಂತು.

“ಅಕ್ಕಾ, ಅದನ್ನ ಬರೆದೋನು ನಾನೇ.”

ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದು ಮುಗಿಯುವವರೆಗೆ ರಫೂ ಅಕ್ಕ ಅವನನ್ನೇ ನೋಡಿದರು. “ಆಮೇಲೆ ಅದು ಅಲ್ಲಿ ಇರ್ಲಿಲ್ಲ,” ಎಂದರು.

“ಅಳಿಸ್ದೆ. ಮೂಲ ನೋಡಿದ್ಮೇಲೆ ಗೊತ್ತಾಯ್ತು, ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದು ಅಂತ. ಎಡತೋಳೇ.”

“ನನ್ನ ಉತ್ತರಾನೂ ಹೋಯ್ತು.”

“ಹೌದು.”

“ಸಿಟ್ಟು ಬಂದಿದ್ದು ಅದಕ್ಕೆ. ನೀವು ಬರೆದಾಗ ಇಷ್ಟು ಬಂದಿರ್ಲಿಲ್ಲ.”

“ತಪ್ಪಾಯ್ತು ಅಕ್ಕಾ. ಹೊಟ್ಟೆಗೆ ಹಾಕ್ಕೊಳ್ಳಿ.”

“ಹಾಕ್ಕೊಂಡು ಹಾಕ್ಕೊಂಡು ನನ್ನ ಹೊಟ್ಟೆ ಗೋದಾಮಾಗಿದೆ,” ಎಂದರು. ನಗಲಿಲ್ಲ. ಕೈಯೊರೆಸಿಕೊಂಡು ಕುರ್ಚಿಯನ್ನು ಅವನ ಕಡೆ ಎಳೆದರು. “ಆ ಚೀಲದಲ್ಲಿ ಕಂಪ್ಯೂಟರ್ ಇದ್ಯಾ? ಆ ಕೋಟಿಂದು ಹಾಕಿ, ನೋಡೋಣ. ನನ್ನ ಮೊಬೈಲಲ್ಲಿ ನನ್ನ ಕೈ ನಂಗೇ ಇರುವೆ ಥರ ಕಾಣುತ್ತೆ.”

ಅವನು ಲ್ಯಾಪ್‌ಟಾಪು ತೆರೆದು ಹಾಕಿದ. ಪರದೆಯ ತುಂಬ ಅವರ ಕೈ ಬಂತು. ತಮ್ಮ ಕೈಯನ್ನು ಅಷ್ಟು ದೊಡ್ಡದಾಗಿ ಅವರು ಎಂದೂ ನೋಡಿರಲಿಲ್ಲ. ಮೊದಲು ಕೈ ಹಿಂದೆಗೆದುಕೊಂಡರು, ಆಮೇಲೆ ಕನ್ನಡಕ ಇಳಿಸಿಕೊಂಡು ಮುಂದೆ ಬಗ್ಗಿದರು. ಅವನು ಪರದೆಯನ್ನು ಬಿಟ್ಟು ಅವರನ್ನೇ ನೋಡುತ್ತಿದ್ದ. ಒಂದು ಕಡೆ ಅವರ ತುಟಿ ಅಲುಗಿತು. ಎಳೆ ಎಣಿಸುತ್ತಿದ್ದರು. “ನಿಲ್ಸಿ. ಹಿಂದೆ ಹೋಗಿ. ಇನ್ನೂ ಸ್ವಲ್ಪ. ದೊಡ್ಡದು ಮಾಡಿ.” ಆಮೇಲೆ, “ಅಯ್ಯೋ ನನ್ನ ಕರ್ಮವೇ!” ಎಂದು ಬಾಯಿಗೆ ಕೈಯಿಟ್ಟುಕೊಂಡರು. “ನೋಡಿ ಇಲ್ಲಿ. ಈ ಕಂದು ಎಳೆ ಮೇಲೆ ಹೋಗ್ಬೇಕಿತ್ತು, ಕೆಳಗೆ ಹೋಗಿದೆ. ಒಂದು ಎಳೆ ತಪ್ಪಿದೆ. ನೀವು ಇದನ್ನ ಎಷ್ಟು ಸಲ ನೋಡಿದ್ರಿ?”

“ಮೂವತ್ತು ನಲವತ್ತು ಸಲ.”

“ಕಾಣ್ಲಿಲ್ವಾ?”

“ಇಲ್ಲ ಅಕ್ಕಾ.”

“ಭೇಷ್!” ಎಂದರು ರಫೂ ಅಕ್ಕ.

ಅವನಿಗೆ ನಾಚಿಕೆಯಾಗಬೇಕಿತ್ತು, ಆದದ್ದು ಬೇರೆಯೇ. ಎರಡು ಸಾವಿರ ಜನ ಕಳ್ಳಿ ಎಂದಾಗ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಕೆಲಸಕ್ಕೆ ಮರಳಿದ ಹೆಂಗಸು, ಲೋಕದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಎಳೆಗಾಗಿ ಬಿಳಿಚಿಕೊಂಡು ಕೂತಿದ್ದರು. ಇಂಥವರ ಎದುರು ಕೂರುವ ಯೋಗ್ಯತೆ ತನಗಿಲ್ಲ ಅನ್ನಿಸಿತು, ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಈ ಕಣ್ಣಿನಲ್ಲಿ ಕಾಲುಭಾಗ ತನಗಿದ್ದಿದ್ದರೆ! ಇಪ್ಪತ್ತೊಂದು ವರ್ಷ ಅವನು ಇನ್ನೊಬ್ಬರ ಬಟ್ಟೆಯಲ್ಲಿ ತೂತು ಹುಡುಕಿದ್ದ. ತನ್ನ ಕೆಲಸವನ್ನು ಹೀಗೆ ಬೆಳಕಿಗೆ ಹಿಡಿದು ಒಂದು ದಿನವೂ ನೋಡಿರಲಿಲ್ಲ.

“ಈಗ ಎಲ್ಲಾ ಅಳಿಸಿ,” ಎಂದರು ಅವರು.

“ಒಂದಾದ್ರೂ ಇಟ್ಕೊಳ್ಳಲಾ ಅಕ್ಕಾ? ಯಾರಿಗೂ ತೋರ್ಸಲ್ಲ.”

“ನೀವೇ ಈಗ ದೊಡ್ಡದು ಮಾಡಿ ತೋರಿಸಿದ್ರಲ್ಲ. ಹಾಗೇ ಮಾಡಿದ್ರೆ ಆ ಕಾವಲುಗಾರರ ಎದೆ ಮೇಲಿನ ಹೆಸರು ಓದಬಹುದು. ಮಗುವಿನ ಹೊದಿಕೆ ಅಂಚಲ್ಲಿ ಆಸ್ಪತ್ರೆ ವಾರ್ಡ್ ನಂಬರಿದೆ. ನಾನು ಇದ್ಯಾವುದನ್ನೂ ಯೋಚ್ನೆ ಮಾಡಿರ್ಲಿಲ್ಲ. ಬೇಡ. ಎಲ್ಲಾ.”

ಅವನು ಅಳಿಸಿದ. ಪೆನ್‌ಡ್ರೈವಿನಿಂದ, ಲ್ಯಾಪ್‌ಟಾಪಿನಿಂದ, ಅಳಿಸಿದ್ದು ಹೋಗಿ ಬೀಳುವ ಕಸದಬುಟ್ಟಿಯಿಂದ. ಮೂರು ದಿನ ಇಳಿಸಿದ್ದು ಮೂರು ನಿಮಿಷದಲ್ಲಿ ಹೋಯಿತು. ಪಿಟೀಲಿನವನ ಮೊಣಕೈಯನ್ನು ಕೊನೆಗೆ ಅಳಿಸಿದ, ಸುಳ್ಳೇಕೆ. ಆರು ಹೊಡೆಯಲು ಐದು ನಿಮಿಷವಿದ್ದಾಗ ರಫೂ ಅಕ್ಕ ತಮ್ಮ ಮೊಬೈಲು ತೆಗೆದುಕೊಂಡು, ಎಲ್ಲಿ ಒತ್ತಬೇಕು ಎಂದು ಅವನನ್ನೇ ಕೇಳಿ, ಒತ್ತಿದರು. ಪುಟ ಖಾಲಿಯಾಯಿತು. ಅವರು ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ. ಅದೇ ಮೊಬೈಲಿನಲ್ಲಿ ಹೆಸರು ಹುಡುಕಿ ಕರೆ ಮಾಡಿದರು.

“ಟೀಚರ್, ನಾನು ರಫೂ ಮಾಡೋಳು. ನಿಮ್ಮ ಕೋಟು ಒಂದು ಸಲ ಕಳಿಸ್ಕೊಡಿ. ಒಂದು ಎಳೆ ತಪ್ಪಾಗಿ ಹೋಗಿದೆ. ಇಲ್ಲಮ್ಮ, ಯಾರಿಗೂ ಕಾಣಲ್ಲ. ನಂಗೆ ಕಾಣಿಸ್ತು. ಇಲ್ಲ ಇಲ್ಲ, ದುಡ್ಡಿನ ಮಾತೆತ್ತಬೇಡಿ. ವಿಡಿಯೋ ಎಲ್ಲ ತೆಗೆದಾಯ್ತು, ಈಗಷ್ಟೇ.” ಆಮೇಲೆ ಅವನ ಕಡೆ ನೋಡಿ, ಮೊಬೈಲನ್ನು ಚಾಚಿದರು. “ನಂಗೆ ಹೇಳಿದ್ದಾಯ್ತು. ಇವರಿಗೆ ಹೇಳಿ.”

ಅವನು ತೆಗೆದುಕೊಂಡ. ಕೈಯಲ್ಲಿ ತೋರಿಸಲು ಈಗ ಏನೂ ಇರಲಿಲ್ಲ; ಹಿಂದುಮುಂದಾದ ಅಕ್ಷರಗಳೂ ಇಲ್ಲ, ಗುಂಡಿಯೂ ಇಲ್ಲ. ಆ ಕಡೆಯಿಂದ ಹೆಣ್ಣು ದನಿಯೊಂದು, “ಹಲೋ, ಯಾರು?” ಎಂದಿತು.

“ಮೇಡಂ, ನಿಮ್ಮ ಕೋಟಿನ ತೋಳು ಬೇರೆ ಅಂತ ಬರೆದೋನು ನಾನು. ಸರಿಯಾಗಿ ನೋಡ್ದೆ ಬರೆದೆ. ಅವರು ನಿಜವೇ ಹೇಳಿದ್ರು, ನಾನು ಸುಳ್ಳು ಮಾಡ್ದೆ. ಮಕ್ಕಳು ನಿಮ್ಮನ್ನ ಆಡ್ಕೊಂಡಿದ್ದು ನನ್ನ ಮಾತಿನಿಂದ.”

ಕರೆ ಕಡಿದುಹೋಯಿತೇನೋ ಎಂದು ಅವನು ಮೊಬೈಲನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಹಚ್ಚಿಕೊಂಡ.

“ನಾನು ಹೇಳಿದ್ರೆ ಅವು ನಗ್ತಾವೆ,” ಎಂದರು ಟೀಚರು. “ನಲವತ್ತು ಮಕ್ಕಳು. ಅಕ್ಕ ಆ ಎಳೆ ಸರಿ ಮಾಡಿ ಕೊಡ್ಲಿ, ಸೋಮವಾರ ನಾನು ಆ ಕೋಟು ಹಾಕ್ಕೊಂಡೇ ಬರ್ತೀನಿ. ನೀವು ಬಂದು ಇದನ್ನೇ ಅವರ ಎದುರಿಗೆ ಹೇಳ್ತೀರಾ?”

ನಲವತ್ತು ಮಕ್ಕಳು ಬೆಂಚುಗಳಲ್ಲಿ ಒತ್ತೊತ್ತಾಗಿ ಕೂತು ಅವನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸುವುದು ಕಣ್ಣಿಗೆ ಕಟ್ಟಿತು. ರಫೂ ಅಕ್ಕ ಆಗಲೇ ಮೇಜಿಗೆ ತಿರುಗಿ, ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಬಗ್ಗಿದ್ದರು. ಆದರೆ ಸೂಜಿ ಇನ್ನೂ ಬಟ್ಟೆಗೆ ಇಳಿದಿರಲಿಲ್ಲ.

“ಎಷ್ಟು ಗಂಟೆಗೆ ಬರ್ಲಿ, ಮೇಡಂ?” ಎಂದು ಕೇಳಿದ.